ಉಪ್ಪಾಗೆ: ಗಂಡೋ ಹೆಣ್ಣೋ ತಿಳಿದು ನೆಡಿ

ಉಪ್ಪಾಗೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. ಬೀಜ ಹಾಕಿ ಮೂರು ತಿಂಗಳಾಯಿತು, ಮೊಳಕೆಯ ಸುಳಿವೇ ಇಲ್ಲ, ಏನು ಕಾರಣ? ಗಿಡ ಆಳೆತ್ತರ ದಾಟಿ ಹತ್ತು ವರ್ಷವಾಯಿತು, ಹೂ ಬಿಟ್ಟು ಉದುರಿಹೋಗುತ್ತದೆ, ಕಾಯಿ ಯಾಕಿಲ್ಲ? ಕಸಿ ಗಿಡ ತಂದು ನೆಟ್ಟೆವು, ಅದು ಮರವಾಗುವ ಬದಲು ಪಕ್ಕಕ್ಕೆ ಹಬ್ಬುತ್ತಿದೆ, ಇದು ಸರಿಯಾದ ಗಿಡವೇ? ಮೂರಕ್ಕೂ ಉತ್ತರ ಈ ಮರದ ಹುಟ್ಟುಗುಣದಲ್ಲೇ ಇದೆ. ಅದನ್ನು ತಿಳಿದುಕೊಂಡು ಕೆಲಸಕ್ಕೆ ಇಳಿದರೆ ಉಪ್ಪಾಗೆ ಬೆಳೆಸುವುದು ಕಷ್ಟವಲ್ಲ. ತಿಳಿಯದೆ ಇಳಿದರೆ ಹತ್ತು ವರ್ಷ ಕಾದ ಮೇಲಷ್ಟೇ ತಪ್ಪಿನ ಅರಿವಾಗುತ್ತದೆ.

ಉಪ್ಪಾಗೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯಾ ಗಮ್ಮಿ-ಗಟ್ಟಾ ಎನ್ನುತ್ತಾರೆ. ಹಳೆಯ ಹೆಸರು ಗಾರ್ಸೀನಿಯಾ ಕ್ಯಾಂಬೋಜಿಯಾ, ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ಕಾಣುವುದು ಈ ಹೆಸರೇ. ಕೇರಳದವರು ಅಡುಗೆಯ ಹುಳಿಗೆ ಬಳಸುವ ಕುಡಂಪುಳಿಯೂ ಇದೇ. ಮುರುಗಲು ಇದರ ದಾಯಾದಿ, ಆದರೆ ಬೇರೆ ಮರ. ಮುರುಗಲ ಹಣ್ಣು ನುಣ್ಣಗೆ, ದುಂಡಗೆ, ಮಾಗಿದರೆ ಕಡುಗೆಂಪು. ಉಪ್ಪಾಗೆ ಹಣ್ಣಿಗೆ ಪುಟ್ಟ ಕುಂಬಳಕಾಯಿಯಂತೆ ಆರೆಂಟು ಏಣು, ಮಾಗಿದರೆ ಹಳದಿ. ಸಸಿ ಕೊಳ್ಳುವಾಗ ಈ ಎರಡನ್ನು ಅದಲುಬದಲು ಮಾಡಿಕೊಂಡವರು ಕಡಿಮೆಯಿಲ್ಲ. ಎಲೆ ನೋಡಿ ಹೇಳುವುದು ಕಷ್ಟ, ಎರಡೂ ಜೋಡಿ ಎಲೆಯವು, ಎರಡೂ ಹೊಳಪಿನ ಕಡುಹಸಿರು. ಆದ್ದರಿಂದ ತಾಯಿಮರ ಯಾವುದೆಂದು ಹೇಳಬಲ್ಲವರಿಂದಲೇ ಗಿಡ ತನ್ನಿ.

ಮೊದಲು ತಿಳಿಯಬೇಕಾದ ಸಂಗತಿ: ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಎರಡೂ ಬಗೆಯ ಹೂ ಒಂದರಲ್ಲೇ ಬಿಡುವ ಮರ ಅಪರೂಪಕ್ಕೆ ಸಿಗುತ್ತದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬೀಜದಿಂದ ಎದ್ದ ಸಸಿಗಳಲ್ಲಿ ಅರ್ಧ, ಕೆಲವೊಮ್ಮೆ ಅರ್ಧಕ್ಕೂ ಹೆಚ್ಚು ಗಂಡೇ ಆಗಿರುತ್ತವೆ. ಸಸಿಯಾಗಿದ್ದಾಗ ಯಾವುದು ಏನೆಂದು ಯಾರೂ ಹೇಳಲಾರರು, ಹೂ ಬಿಟ್ಟಾಗಲೇ ತಿಳಿಯುವುದು. ಬೀಜದ ಗಿಡ ಫಸಲಿಗೆ ಬರಲು ಹತ್ತು ಹನ್ನೆರಡು ವರ್ಷ ಬೇಕು. ಕಸಿ ಗಿಡ ಮೂರನೇ ವರ್ಷದಿಂದಲೇ ಕಾಯಿ ತೋರಿಸುತ್ತದೆ. ಕಾಯಿಗಾಗಿ ನೆಡುವವರು ಕಸಿಯನ್ನೇ ನೆಡಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಬೆಟ್ಟ ಹಸಿರಾಗಲಿ, ಹಕ್ಕಿ ಮಂಗಗಳು ತಿನ್ನಲಿ ಎಂದು ನೆಡುವವರಿಗೆ ಬೀಜದ ಸಸಿ ಧಾರಾಳ ಸಾಕು.

1. ಜಾಗ ಮತ್ತು ಲೆಕ್ಕ

ಕಾಡಿನಲ್ಲಿ ಉಪ್ಪಾಗೆ ಹೆಚ್ಚಾಗಿ ಕಾಣುವುದು ಹಳ್ಳದ ಅಂಚಿನಲ್ಲಿ, ಕಣಿವೆಯ ತಂಪಿನಲ್ಲಿ, ದೊಡ್ಡ ಮರಗಳ ಕೆಳಗಿನ ಎರಡನೇ ಸಾಲಿನಲ್ಲಿ. ನಿಮ್ಮ ಜಾಗವೂ ಅದಕ್ಕೆ ಹತ್ತಿರವಾಗಿರಲಿ. ಜಂಬಿಟ್ಟಿಗೆ ಮಣ್ಣಾದರೂ ನಡೆಯುತ್ತದೆ, ಮೇಲ್ಮಣ್ಣು ಒಂದೆರಡು ಅಡಿಯಾದರೂ ಇರಬೇಕು. ಹಳ್ಳದ ಅಂಚಿನ ಮರ ಎಂದಾಕ್ಷಣ ನೀರು ನಿಲ್ಲುವ ಜಾಗವೂ ಆದೀತು ಎಂದುಕೊಳ್ಳಬೇಡಿ. ಹರಿಯುವ ನೀರಿನ ಪಕ್ಕ ಅದು ಸುಖವಾಗಿರುತ್ತದೆ, ನಿಂತ ನೀರಿನಲ್ಲಿ ಎಳೆಗಿಡದ ಬೇರು ಕೊಳೆಯುತ್ತದೆ.

ಅಡಿಕೆ ತೋಟದ ಅಂಚು, ತೋಟಕ್ಕೆ ಹೊಂದಿದ ಬೆಟ್ಟ, ಮನೆಯ ಹಿತ್ತಿಲು, ಮೂರೂ ಒಗ್ಗುತ್ತವೆ. ತೋಟದೊಳಗೆ ಅಡಿಕೆ ಮರಗಳ ನಡುವೆ ಹಾಕಬೇಡಿ. ಎಳೆಯದರಲ್ಲಿ ನೆರಳು ಬೇಡುವ ಉಪ್ಪಾಗೆ ಕಾಯಿ ಬಿಡುವ ವಯಸ್ಸಿಗೆ ಬಿಸಿಲು ಬೇಡುತ್ತದೆ. ದಿನವಿಡೀ ನೆರಳಲ್ಲಿ ನಿಂತ ಮರ ಎಲೆ ತುಂಬಿಕೊಂಡು ಚೆಂದ ಕಾಣುತ್ತದೆ, ಆದರೆ ಕಾಯಿ ಕಡಿಮೆ.

ಕಸಿ ಗಿಡಗಳಿಗೆ 4 ಮೀಟರ್ ಅಂತರ ಸಾಕು, ಎಕರೆಗೆ ಸುಮಾರು 250 ಗಿಡ ಹಿಡಿಯುತ್ತದೆ. ಬೀಜದ ಗಿಡಕ್ಕೆ 7 ಮೀಟರ್ ಬಿಡಿ, ಎಕರೆಗೆ 80ರ ಆಸುಪಾಸು. ಹತ್ತು ಹೆಣ್ಣಿಗೆ ಒಂದರಂತೆ ಗಂಡು ಗಿಡವನ್ನೂ ಸೇರಿಸಿ, ಒಂದೇ ಮೂಲೆಯಲ್ಲಿ ಗುಂಪಾಗಿ ಅಲ್ಲ, ನಡುನಡುವೆ ಚದುರಿಸಿ. ಪರಾಗವನ್ನು ಹೊತ್ತೊಯ್ಯುವುದು ಸಣ್ಣ ಕೀಟಗಳು, ಅವು ದೂರ ಹೋಗುವವಲ್ಲ. ಪಕ್ಕದಲ್ಲೇ ಕಾಡಿದ್ದು ಅದರಲ್ಲಿ ಉಪ್ಪಾಗೆ ಇದ್ದರೆ ಗಂಡಿನ ಚಿಂತೆ ಬೇಡ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟದಲ್ಲಿ, ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ, ನೆಡುವವರಿಗೆ ಒಂದು ಎಚ್ಚರಿಕೆ. ಸೊಪ್ಪು ತೆಗೆಯುವ ಹಕ್ಕು ನಿಮ್ಮದಾದರೂ ಅಲ್ಲಿ ನೆಲೆನಿಂತ ಮರ ಕಡಿಯುವ ಹಕ್ಕು ಅದರೊಳಗೆ ಬರುವುದಿಲ್ಲ. ಗಂಡು ಮರವೆಂದು ಕಡಿಯುವುದು, ತಲೆ ಸವರುವುದು ಇಂಥದ್ದಕ್ಕೆಲ್ಲ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

2. ತಾಯಿಮರ ಆರಿಸುವುದು

ಕಸಿಯ ಗುಣವೆಲ್ಲ ತಾಯಿಮರದಿಂದ ಬರುವುದು. ನೀವೇ ಕಸಿ ಕಟ್ಟಿದರೂ ನರ್ಸರಿಯಿಂದ ತಂದರೂ ಈ ಹಂತವನ್ನು ಹಾರಿಸಬೇಡಿ.

ಮಲೆನಾಡಿನಲ್ಲಿ ಉಪ್ಪಾಗೆ ಹೂ ಬಿಡುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಮರದ ಕೆಳಗೆ ನಿಂತು ಒಂದು ರೆಂಬೆ ಬಗ್ಗಿಸಿ ನೋಡಿ. ಗಂಡು ಮರದಲ್ಲಿ ಎಲೆಯ ಕಂಕುಳಲ್ಲಿ ಹೂಗಳು ಗೊಂಚಲಾಗಿರುತ್ತವೆ, ಒಂದೊಂದು ಹೂವಿನ ನಡುವೆ ಕೇಸರಗಳು ಒತ್ತಾಗಿ ಸೇರಿದ ಹಳದಿ ಉಂಡೆ. ಹೆಣ್ಣು ಮರದ ಹೂ ಒಂಟಿ, ಹೆಚ್ಚೆಂದರೆ ಎರಡು ಮೂರು ಜೊತೆಗೆ. ನಾಲ್ಕು ದಳ ಬಿಡಿಸಿದರೆ ಒಳಗೆ ಏಣುಗಳಿರುವ ಹಸಿರು ಅಂಡಾಶಯ ಎದ್ದು ಕಾಣುತ್ತದೆ. ಮೆಣಸಿನ ಕಾಳಿಗಿಂತ ತುಸು ದೊಡ್ಡದು, ಆಗಲೇ ಉಪ್ಪಾಗೆಕಾಯಿಯ ಆಕಾರ. ಅದರ ಬುಡದ ಸುತ್ತ ಕೆಲಸಕ್ಕೆ ಬಾರದ ಪುಟ್ಟ ಕೇಸರಗಳೂ ಇರುತ್ತವೆ, ಅವನ್ನು ನೋಡಿ ಗಂಡೆಂದು ಮೋಸಹೋಗಬೇಡಿ. ನಡುವಿನ ಹಸಿರು ಗುಂಡೇ ಗುರುತು.

ಹೆಣ್ಣು ಎಂದಾದ ಮೇಲೆ ನೋಡಬೇಕಾದದ್ದು ಮೂರು. ಕಾಯಿ ದೊಡ್ಡದಿದ್ದು ಸಿಪ್ಪೆ ದಪ್ಪವಾಗಿರಬೇಕು, ಏಕೆಂದರೆ ಮಾರುವುದು ಸಿಪ್ಪೆಯನ್ನೇ. ವರ್ಷ ಬಿಟ್ಟು ವರ್ಷ ಅಲ್ಲದೆ ಪ್ರತಿವರ್ಷ ಕಾಯಿ ಹಿಡಿಯಬೇಕು, ಇದಕ್ಕೆ ಎರಡು ಮೂರು ಹಂಗಾಮಿನ ನೋಟ ಬೇಕು. ಕಾಯಿ ಎಷ್ಟು ಬೇಗ ಮಾಗುತ್ತದೆ ಎಂಬುದು ಮೂರನೆಯದು. ಜಡಿಮಳೆ ಹಿಡಿಯುವ ಮುಂಚೆ ಮಾಗುವ ಮರ ಸಿಕ್ಕಿದರೆ ಬಿಡಬೇಡಿ. ಒಣಗಿಸುವ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ಕೇರಳ ಕೃಷಿ ವಿಶ್ವವಿದ್ಯಾಲಯ ಅಮೃತಂ, ಹರಿತಂ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಅವು ಸಿಕ್ಕರೆ ನಾಲ್ಕಾರು ಗಿಡ ಹಾಕಿ ನೋಡಬಹುದು. ಆದರೆ ನಿಮ್ಮ ಊರಿನ ಮಳೆಯಲ್ಲೇ ಬೆಳೆದು ಕಾಯಿ ಕೊಟ್ಟ ಮರಕ್ಕಿಂತ ನಂಬಿಕೆಯ ತಾಯಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

3. ಬೀಜ ಮತ್ತು ಮೊಳಕೆ

ಕಸಿಗೆ ಬೇರುಗಿಡ ಬೇಕು, ಎಂದರೆ ಬೇರು ಕೊಡುವ ಬುಡದ ಸಸಿ. ಅದನ್ನು ಉಪ್ಪಾಗೆ ಬೀಜದಿಂದಲೇ ಎಬ್ಬಿಸಬೇಕು. ಗಂಡೋ ಹೆಣ್ಣೋ ಎಂಬ ಯೋಚನೆ ಇಲ್ಲಿ ಬೇಡ.

ತಾನಾಗಿ ಉದುರಿದ ಹಳದಿ ಹಣ್ಣಿನ ಬೀಜವನ್ನೇ ಆರಿಸಿ. ಹಸಿಕಾಯಿಯ ಬೀಜ ಬಲಿತಿರುವುದಿಲ್ಲ. ಒಂದು ಹಣ್ಣಿನಲ್ಲಿ ಆರೆಂಟು ಬೀಜ, ಸುತ್ತ ಲೋಳೆಯಂಥ ತಿರುಳು. ಮರಳಿನಲ್ಲಿ ಉಜ್ಜಿ ತೊಳೆದು ತಿರುಳನ್ನು ಪೂರ್ತಿ ತೆಗೆಯಿರಿ. ಉಳಿದರೆ ಬೂಸಲು ಹಿಡಿಯುತ್ತದೆ. ಬಿಸಿಲಿಗೆ ಒಣಹಾಕಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಅದು ಸತ್ತ ಬೀಜ. ಕಾಡಿನ ಬಹಳಷ್ಟು ಮರಗಳಂತೆ ಉಪ್ಪಾಗೆ ಬೀಜವೂ ಒಣಗಿದರೆ ಜೀವ ಬಿಡುತ್ತದೆ.

ಸಿಪ್ಪೆ ಸಮೇತ ಬಿತ್ತಿದ ಬೀಜ ಮೊಳೆಯಲು ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಮೂರು ತಿಂಗಳಿಗೆ ಕೆದಕಿ ನೋಡಿ ಎಸೆದವರು ಎಷ್ಟೋ ಒಳ್ಳೆಯ ಬೀಜ ಕಳೆದುಕೊಂಡಿದ್ದಾರೆ. ಜುಲೈಯಲ್ಲಿ ಬಿತ್ತಿದ್ದು ಡಿಸೆಂಬರ್ ಕಳೆದ ಮೇಲೆ ಎದ್ದರೆ ಅದು ಸಹಜ. ಕಾಯುವ ತಾಳ್ಮೆ ಇದ್ದರೆ ಪಾತಿಯ ತೇವ ಆರದಂತೆ ನೋಡಿಕೊಂಡು ಸುಮ್ಮನಿರಿ.

ಕಾಯಲು ಮನಸ್ಸಿಲ್ಲದಿದ್ದರೆ ಬೀಜದ ಹೊರಸಿಪ್ಪೆ ಬಿಡಿಸಬೇಕು. ಮೊಳಕೆಯನ್ನು ತಡೆದು ಹಿಡಿದಿರುವುದು ಆ ಸಿಪ್ಪೆಯೇ. ತೊಳೆದ ಬೀಜವನ್ನು ನೆರಳಿನಲ್ಲಿ ಒಂದೆರಡು ದಿನ ಹರಡಿ, ಸಿಪ್ಪೆ ಗರಿಗರಿಯಾಗಿ ಒಳಗಿನ ತಿರುಳಿನಿಂದ ತುಸು ಬಿಡುತ್ತದೆ. ಚಪ್ಪಟೆ ಬೀಜದ ಅಂಚಿನಲ್ಲಿ ಚಿಕ್ಕ ಚಾಕುವಿನ ತುದಿಯಿಂದ ಮೆಲ್ಲಗೆ ಸೀಳಿ ಉಗುರಿನಿಂದ ಎಬ್ಬಿಸಿ. ಚಾಕು ಒಳಗಿನ ಬಿಳಿ ತಿರುಳಿಗೆ ತಾಗಿದರೆ ಅಲ್ಲಿ ಹಳದಿ ಸೊನೆ ಜಿನುಗುತ್ತದೆ, ಆ ಬೀಜ ಹೆಚ್ಚಾಗಿ ಕೊಳೆಯುತ್ತದೆ. ಕೈ ಪಳಗುವವರೆಗೆ ಹತ್ತರಲ್ಲಿ ಎರಡು ಮೂರು ಹೋಗುವುದು ಇದ್ದದ್ದೇ, ಬೇಕಾದ್ದಕ್ಕಿಂತ ಹೆಚ್ಚೇ ಬೀಜ ಇಟ್ಟುಕೊಳ್ಳಿ. ಹೀಗೆ ಬಿಡಿಸಿದ ಬೀಜ ಸುಮಾರು ಒಂದು ತಿಂಗಳಲ್ಲಿ ಮೊಳೆಯತೊಡಗುತ್ತದೆ.

ಬಿತ್ತುವುದು ತೊಳೆದ ಮರಳಿನ ಪಾತಿಯಲ್ಲಿ, ಒಂದು ಇಂಚು ಆಳಕ್ಕೆ, ಬೀಜವನ್ನು ಅಡ್ಡ ಮಲಗಿಸಿ. ನಿಲ್ಲಿಸಿ ಊರಬೇಡಿ. ಉಪ್ಪಾಗೆಯಲ್ಲಿ ಬೇರು ಒಂದು ತುದಿಯಿಂದ, ಚಿಗುರು ಇನ್ನೊಂದು ತುದಿಯಿಂದ ಹೊರಡುತ್ತದೆ. ತಲೆಕೆಳಗಾದರೆ ಕಾಂಡದ ಬುಡ ಕೊಕ್ಕೆಯಾಗಿ ಬೆಳೆಯುತ್ತದೆ, ಅಂಥ ಸಸಿ ಕಸಿಗೆ ಬಾರದು. ಮೊದಲು ಬೇರು ಇಳಿದು ಎಷ್ಟೋ ದಿನದ ಮೇಲೆ ಚಿಗುರು ಕಾಣುವುದೂ ಉಂಟು, ಗಾಬರಿ ಬೇಡ.

ಈ ಬೀಜದಲ್ಲಿ ಕೊಬ್ಬು ತುಂಬಿರುವುದರಿಂದ ಇಲಿ, ಹೆಗ್ಗಣ, ಇರುವೆ ಎಲ್ಲಕ್ಕೂ ಇಷ್ಟ. ಪಾತಿಯ ಮೇಲೆ ಸಣ್ಣ ಕಣ್ಣಿನ ತಂತಿ ಬಲೆ ಹಾಕದೆ ಬಿತ್ತಬೇಡಿ.

ನಾಲ್ಕು ಎಲೆಯಾದಾಗ ಸಸಿಯನ್ನು ಪಾಲಿಥೀನ್ ಚೀಲಕ್ಕೆ ಬದಲಿಸಿ. ತಾಯಿಬೇರು ನೇರ ಆಳಕ್ಕೆ ಹೋಗುವ ಜಾತಿ ಇದು, ಚೀಲ ಒಂದು ಅಡಿ ಎತ್ತರದ್ದೇ ಇರಲಿ. ಎರಡು ಪಾಲು ಕೆಂಪು ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಅರೆನೆರಳಲ್ಲಿ ಇಡಿ. ಪೆನ್ಸಿಲ್ ದಪ್ಪಕ್ಕೆ ಬರಲು ವರ್ಷದ ಮೇಲೆ ಬೇಕು. ಯೂರಿಯಾ ಹಾಕಿ ಓಡಿಸಲು ನೋಡಿದರೆ ಕಾಂಡ ಉದ್ದವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ.

4. ಕಸಿ ಕಟ್ಟುವುದು

ಉಪ್ಪಾಗೆಗೆ ಒಗ್ಗುವುದು ಮೃದುಕಾಂಡ ಕಸಿ. ಬೇರುಗಿಡದ ಇನ್ನೂ ಗಟ್ಟಿಯಾಗದ ಕಾಂಡವನ್ನು ಸೀಳಿ, ಅದರಲ್ಲಿ ತಾಯಿಮರದ ಕಡ್ಡಿಯನ್ನು ಕೂರಿಸುವ ವಿಧಾನ. ಏಪ್ರಿಲ್‌ನಿಂದ ಜುಲೈ ಮೊದಲ ವಾರಗಳವರೆಗೆ, ಗಾಳಿಯಲ್ಲಿ ತೇವ ಇದ್ದು ಮೊಗ್ಗುಗಳು ಉಬ್ಬುತ್ತಿರುವಾಗ, ಮಳೆನೀರು ನೇರ ಬೀಳದ ಮಾಡಿನಡಿ ಮಾಡಿ.

ಈಗ ಮೂರನೇ ಪ್ರಶ್ನೆಗೆ ಬರೋಣ. ಉಪ್ಪಾಗೆ ಮರದಲ್ಲಿ ಎರಡು ಬಗೆಯ ರೆಂಬೆಗಳಿವೆ. ಒಂದು ನೆಟ್ಟಗೆ ಆಕಾಶಕ್ಕೆ ಹೋಗುವ ಚಿಗುರು, ಇನ್ನೊಂದು ಅಡ್ಡಡ್ಡ ಚಾಚುವ ಪಕ್ಕದ ರೆಂಬೆ. ಅಡ್ಡ ರೆಂಬೆಯ ಕಡ್ಡಿಯಿಂದ ಕಸಿ ಮಾಡಿದರೆ ಆ ಗಿಡ ಬೇರೆ ಬುಡದ ಮೇಲೆ ಕೂತರೂ ತನ್ನ ಅಡ್ಡ ಸ್ವಭಾವ ಬಿಡುವುದಿಲ್ಲ, ಪೊದೆಯಾಗಿ ಹಬ್ಬುತ್ತದೆ. ಅದು ಮೋಸದ ಗಿಡವಲ್ಲ, ಕಾಯಿ ಬೇಗ ಬಿಡುತ್ತದೆ, ಕೈಗೆಟಕುವಷ್ಟೇ ಎತ್ತರವಿರುತ್ತದೆ. ಹಿತ್ತಿಲಿಗೆ ಅದೇ ಚೆನ್ನ. ಬೆಟ್ಟದ ಗಿಡಗಂಟಿಗಳ ನಡುವೆ ಬೆಳಕಿಗಾಗಿ ಪೈಪೋಟಿ ಮಾಡಬೇಕಾದ ಕಡೆ ನೆಟ್ಟಗಿನ ಚಿಗುರಿನ ಕಸಿಯೇ ಬೇಕು. ತೊಂದರೆ ಏನೆಂದರೆ ಒಂದು ಮರದಲ್ಲಿ ನೆಟ್ಟಗಿನ ಚಿಗುರು ಬಹಳ ಕಡಿಮೆ, ಅದೂ ತುದಿಯಲ್ಲಿ. ಹೆಚ್ಚು ಬೇಕಿದ್ದರೆ ತಾಯಿಮರದ ಮೇಲಿನ ಒಂದು ಕೊಂಬೆಯ ತಲೆ ಕಡಿದು ಬಿಡಿ, ಕಡಿದ ಜಾಗದ ಕೆಳಗಿಂದ ನೆಟ್ಟಗಿನವು ಒಡೆಯುತ್ತವೆ. ನರ್ಸರಿಯಲ್ಲಿ ಗಿಡ ಕೊಳ್ಳುವಾಗಲೂ ಯಾವ ಚಿಗುರಿನ ಕಸಿ ಎಂದು ಕೇಳಿಯೇ ತನ್ನಿ.

ಕೆಲಸದ ಕ್ರಮ ಹೀಗೆ:

ಅ) ಕಡ್ಡಿ 8ರಿಂದ 10 ಸೆಂಟಿಮೀಟರ್ ಉದ್ದ, ಬೇರುಗಿಡದಷ್ಟೇ ದಪ್ಪ. ತುದಿಮೊಗ್ಗು ಗುಂಡಾಗಿ ಉಬ್ಬಿರಬೇಕು, ಒಡೆದಿರಬಾರದು. ತುದಿಯ ಒಂದು ಜೋಡಿ ಎಲೆ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಬಳಸಿ.

ಆ) ಬೇರುಗಿಡದ ತಲೆಯನ್ನು ಬುಡದಿಂದ ಒಂದು ಗೇಣು ಮೇಲೆ, ಕಾಂಡ ಇನ್ನೂ ಹಸಿರಾಗಿರುವಲ್ಲಿ ಕತ್ತರಿಸಿ. ಕೆಳಗೆ ಎರಡು ಜೋಡಿ ಎಲೆಯಾದರೂ ಉಳಿಯಲಿ. ಎಲೆ ಪೂರ್ತಿ ತೆಗೆದ ಬುಡ ಕಡ್ಡಿಯನ್ನು ಸಾಕಲಾರದು.

ಇ) ಕತ್ತರಿಸಿದ ತುದಿಯ ನಡುವೆ 3ರಿಂದ 4 ಸೆಂಟಿಮೀಟರ್ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆ ಅಷ್ಟೇ ಉದ್ದಕ್ಕೆ ಬೆಣೆಯಂತೆ ಹೆರೆಯಿರಿ. ಚಾಕು ಒಂದೇ ಎಳೆತಕ್ಕೆ ಹೆರೆಯುವಷ್ಟು ಹರಿತವಾಗಿರಲಿ. ಏರುಪೇರಾದ ಮೈ ಕೂಡುವುದಿಲ್ಲ.

ಈ) ಕತ್ತರಿಸಿದ ಕೂಡಲೇ ಹಳದಿ ಸೊನೆ ಬರುತ್ತದೆ. ಉಪ್ಪಾಗೆ ಕಸಿ ಸೋಲಲು ದೊಡ್ಡ ಕಾರಣ ಇದೇ. ಸೊನೆ ಅಂಟಾಗಿ ಗಟ್ಟಿಯಾದರೆ ಎರಡು ಮೈಗಳ ನಡುವೆ ಗೋಡೆಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತಡಮಾಡದೆ ಕೂರಿಸಿ, ಚಾಕುವನ್ನೂ ಪ್ರತಿ ಗಿಡಕ್ಕೊಮ್ಮೆ ಒರೆಸಿ.

ಉ) ದಪ್ಪ ಸಮನಾಗಿರದಿದ್ದರೆ ಒಂದು ಬದಿಯ ತೊಗಟೆಗಾದರೂ ತೊಗಟೆ ತಾಗುವಂತೆ ಕೂರಿಸಿ. ಬೆರಳಗಲಕ್ಕಿಂತ ಸಣ್ಣ ಪಾಲಿಥೀನ್ ಪಟ್ಟಿಯಿಂದ ಕೆಳಗಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿ.

ಊ) ಕಡ್ಡಿಯ ಮೇಲೆ ತೆಳು ಪಾಲಿಥೀನ್ ಚೀಲವನ್ನು ಟೋಪಿಯಂತೆ ಹಾಕಿ ಕೆಳಗೆ ಕಟ್ಟಿ. ಒಳಗೆ ಹನಿ ಕೂತರೆ ಸರಿಯಾಗಿದೆ ಎಂದರ್ಥ. ಹೊಸ ಎಲೆ ಬಿಚ್ಚತೊಡಗಿದಾಗ ಟೋಪಿ ತೆಗೆಯಿರಿ, ಅದೂ ಸಂಜೆ ಹೊತ್ತು.

ಮೊಗ್ಗು ಒಡೆಯಲು ಮೂರು ನಾಲ್ಕು ವಾರ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಕಡ್ಡಿ ಹಸಿರಾಗಿರುವವರೆಗೆ ಆಸೆ ಬಿಡಬೇಡಿ. ಪಟ್ಟಿಯನ್ನು ಮೂರು ತಿಂಗಳಿಗೆ ಬಿಚ್ಚದಿದ್ದರೆ ಅದು ಕಾಂಡವನ್ನು ಕೊಯ್ದು ಒಳಗಿಳಿಯುತ್ತದೆ. ಕಸಿಗಂಟಿನ ಕೆಳಗೆ ಬೇರುಗಿಡದ್ದೇ ಚಿಗುರು ಬರುತ್ತಿರುತ್ತದೆ, ಬಂದಂತೆ ಚಿವುಟಿ. ಇದು ನರ್ಸರಿಯಲ್ಲಿ ಮುಗಿಯುವ ಕೆಲಸವಲ್ಲ, ನೆಟ್ಟ ಮೇಲೂ ಇದೆ. ಬುಡದ ಚಿಗುರು ಮೇಲುಗೈ ಸಾಧಿಸಿ ಕಸಿ ಸತ್ತುಹೋದದ್ದು ಗೊತ್ತಾಗದೆ, ಅದೇ ಕಸಿಯೆಂದು ವರ್ಷಗಟ್ಟಲೆ ಸಾಕಿದ ಗಿಡಗಳು ಮಲೆನಾಡಿನ ಎಷ್ಟೋ ಬೆಟ್ಟಗಳಲ್ಲಿವೆ.

ಈಗಾಗಲೇ ಗಂಡು ಮರ ಇದ್ದರೆ

ಕಡಿಯಬೇಡಿ. ಹತ್ತು ವರ್ಷದ ಬೇರು ಅಲ್ಲಿದೆ, ಅದರ ಮೇಲೆ ಹೆಣ್ಣು ಕೂರಿಸಬಹುದು. ಫೆಬ್ರವರಿ–ಮಾರ್ಚ್‌ನಲ್ಲಿ ಕಾಂಡವನ್ನು ಸೊಂಟದೆತ್ತರಕ್ಕೆ ಓರೆಯಾಗಿ ಗರಗಸದಿಂದ ಕೊಯ್ಯಿರಿ. ಕೆಳಗಿನ ಒಂದು ರೆಂಬೆಯನ್ನು ಮಾತ್ರ ಹಾಗೇ ಬಿಡಿ, ಹೊಸ ಚಿಗುರು ಬಲಿಯುವವರೆಗೆ ಬೇರನ್ನು ಸಾಕುವುದು ಅದೇ. ಪೂರ್ತಿ ಬೋಳಿಸಿದ ಮರ ಒಣಗಿಹೋಗುವ ಭಯ ಇದೆ. ಕೊಯ್ದ ಮೈಗೆ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಮೈಲುತುತ್ತವನ್ನೂ ಸುಣ್ಣವನ್ನೂ ಅರ್ಧರ್ಧ ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಆಮೇಲೆ ಸೇರಿಸಿ. ಚಿಗುರುಗಳಲ್ಲಿ ಬೇರೆಬೇರೆ ದಿಕ್ಕಿನ ನಾಲ್ಕೈದು ಗಟ್ಟಿ ಚಿಗುರು ಉಳಿಸಿ, ಪೆನ್ಸಿಲ್ ದಪ್ಪಕ್ಕೆ ಬಂದಾಗ ಮೇಲೆ ಹೇಳಿದಂತೆಯೇ ಮರದ ಮೇಲೇ ಕಸಿ ಕಟ್ಟಿ. ಕಸಿ ಚಿಗುರಿ ನೆಲೆಯೂರಿದ ಮೇಲೆ ಆ ಹಳೆಯ ರೆಂಬೆ ತೆಗೆಯಬಹುದು. ಸುತ್ತ ಬೇರೆ ಗಂಡು ಮರ ಇಲ್ಲದಿದ್ದರೆ ತೆಗೆಯದೆ ಪರಾಗಕ್ಕೆ ಉಳಿಸಿಕೊಳ್ಳಿ, ಒಂದೇ ಮರದಲ್ಲಿ ಎರಡೂ ಸಿಕ್ಕಂತಾಗುತ್ತದೆ.

5. ನೆಡುವುದು

ಗುಂಡಿ ಬೀಜದ ಗಿಡಕ್ಕೆ 75 ಸೆಂಟಿಮೀಟರ್, ಕಸಿಗೆ 50 ಸೆಂಟಿಮೀಟರ್, ಉದ್ದ ಅಗಲ ಆಳ ಒಂದೇ. ಬೇಸಿಗೆಯಲ್ಲೇ ತೋಡಿ ಬಿಸಿಲು ಕುಡಿಸಿ. ಮೇಲ್ಮಣ್ಣಿಗೆ ಹತ್ತು ಕಿಲೊ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ. ಮಲೆನಾಡಿನ ಮಳೆಗೆ ಮಣ್ಣು ಕುಸಿದು ತಗ್ಗಾಗುತ್ತದೆ, ಏರಿಸದಿದ್ದರೆ ಗಿಡ ಬಾವಿಯಲ್ಲಿ ನಿಂತಂತೆ.

ಮುಂಗಾರಿನ ಮೊದಲ ಮಳೆಗೆ ನೆಡಿ. ಆ ಹೊತ್ತು ತಪ್ಪಿದರೆ ಜಡಿಮಳೆಯಲ್ಲಿ ನೆಡಬೇಡಿ, ಆಗಸ್ಟ್ ಕೊನೆಯವರೆಗೆ ಕಾಯಿರಿ. ಕಸಿಗಂಟು ನೆಲದಿಂದ ಒಂದು ಗೇಣು ಮೇಲಿರಲಿ. ಹುಗಿದರೆ ಕೊಳೆಯುತ್ತದೆ. ಗಾಳಿಗೆ ಗಂಟು ಮುರಿಯದಂತೆ ಊರುಗೋಲು ಕೊಟ್ಟು ಸಡಿಲವಾಗಿ ಕಟ್ಟಿ.

6. ಮೊದಲ ವರ್ಷಗಳು

ಉಪ್ಪಾಗೆ ಸಾಯುವುದು ಮಳೆಗಾಲದಲ್ಲಲ್ಲ, ನೆಟ್ಟ ಮೊದಲ ಎರಡು ಬೇಸಿಗೆಯಲ್ಲಿ. ಡಿಸೆಂಬರ್ ಬರುವುದರೊಳಗೆ ಪಡುವಣ ಬಿಸಿಲು ತಡೆಯುವಂತೆ ಸೊಪ್ಪಿನ ಮರೆ ಕಟ್ಟಿ. ಬುಡಕ್ಕೆ ದರಕಿನ (ಒಣಗಿ ಉದುರಿದ ಎಲೆಯ) ಮುಚ್ಚಿಗೆ ಅರ್ಧ ಅಡಿ ದಪ್ಪ ಹಾಕಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ತಾಗಿಸಿದರೆ ಗೆದ್ದಲು ಹತ್ತುತ್ತದೆ. ವಾರಕ್ಕೆರಡು ಸಲ ನೀರು ಕೊಡಿ. ಮೂರು ನಾಲ್ಕು ಬೇಸಿಗೆ ದಾಟಿತೆಂದರೆ ಆಮೇಲೆ ತನ್ನಷ್ಟಕ್ಕೆ ಬದುಕುತ್ತದೆ, ಆದರೂ ಬೇಸಿಗೆಯ ನೀರು ಸಿಕ್ಕ ಮರದಲ್ಲಿ ಮಿಡಿ ಉದುರುವುದು ಕಡಿಮೆ.

ಗೊಬ್ಬರವನ್ನು ವರ್ಷಕ್ಕೆ ಎರಡು ಕಂತಾಗಿ, ಮೇ–ಜೂನ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಡುವುದು ರೂಢಿ. ಮೊದಲ ವರ್ಷ ಗಿಡವೊಂದಕ್ಕೆ ಒಟ್ಟು 43 ಗ್ರಾಂ ಯೂರಿಯಾ, 90 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 83 ಗ್ರಾಂ ಪೊಟ್ಯಾಷ್. ಎರಡನೇ ವರ್ಷ ಇಮ್ಮಡಿ. ಅಲ್ಲಿಂದ ಏರಿಸುತ್ತ ಹೋಗಿ 15ನೇ ವರ್ಷದ ಹೊತ್ತಿಗೆ 50 ಕಿಲೊ ಕೊಟ್ಟಿಗೆ ಗೊಬ್ಬರ, 1.1 ಕಿಲೊ ಯೂರಿಯಾ, 1.25 ಕಿಲೊ ಶಿಲಾರಂಜಕ, 1.65 ಕಿಲೊ ಪೊಟ್ಯಾಷ್ ಎಂಬ ಅಳತೆಗೆ ನಿಲ್ಲಿಸಿ. ರಾಸಾಯನಿಕ ಬೇಡವೆನ್ನುವವರು ಕೊಟ್ಟಿಗೆ ಗೊಬ್ಬರದ ಜೊತೆ ಬೂದಿ ಕೊಡಿ, ಈ ಮರಕ್ಕೆ ಪೊಟ್ಯಾಷ್‌ನ ಹಸಿವು ಜಾಸ್ತಿ.

ನೆಟ್ಟಗಿನ ಕಸಿಯನ್ನು 4 ಮೀಟರ್ ಎತ್ತರಕ್ಕೆ ಬಂದಾಗ ತುದಿ ಮುರಿದು ನಿಲ್ಲಿಸಿ. ಅಡ್ಡ ಹಬ್ಬುವ ಕಸಿಯಲ್ಲಿ ನೆಲ ಮುಟ್ಟುವ ರೆಂಬೆಗಳನ್ನು ತೆಗೆದು, ಗಟ್ಟಿಯಾದ ಒಂದನ್ನು ಕೋಲಿಗೆ ಎತ್ತಿ ಕಟ್ಟುತ್ತ ಬನ್ನಿ.

7. ರೋಗ, ಕೀಟ

ದೊಡ್ಡ ಕಾಟಗಳಿಲ್ಲ. ಎಳೆ ಎಲೆಯನ್ನು ದುಂಬಿಗಳು ರಾತ್ರಿ ತಿನ್ನುತ್ತವೆ, ಸಣ್ಣ ಗಿಡವಾದರೆ ಟಾರ್ಚ್ ಹಿಡಿದು ಆರಿಸಿ ಸೋಪಿನ ನೀರಿಗೆ ಹಾಕುವುದೇ ಸಾಕು. ರೆಂಬೆಗೆ ಅಂಟಿಕೊಳ್ಳುವ ಚಿಪ್ಪಿನಂಥ ಶಲ್ಕಕೀಟ ಬಂದ ರೆಂಬೆಯನ್ನು ಕತ್ತರಿಸಿ ಸುಡಿ.

ನೋಡಿಕೊಳ್ಳಬೇಕಾದದ್ದು ಮಳೆಗಾಲದ ನೂಲು ಶಿಲೀಂಧ್ರ. ಒಣಗಿದ ಎಲೆ ಕೆಳಗೆ ಬೀಳದೆ ಗಾಳಿಯಲ್ಲಿ ತೂಗುತ್ತಿದ್ದರೆ ಹತ್ತಿರ ಹೋಗಿ ನೋಡಿ, ಜೇಡರ ಬಲೆಯಂಥ ಬಿಳಿ ಎಳೆ ರೆಂಬೆಯುದ್ದಕ್ಕೂ ಹರಿದು ಎಲೆಗಳನ್ನು ಹಿಡಿದಿರುತ್ತದೆ. ಹಿಡಿದ ಭಾಗಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸಿ ಸುಟ್ಟು, ಮಳೆ ಬಿಟ್ಟ ದಿನ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಿರಿ. ಅಡಿಕೆಗೆ ಕೊಳೆ ಮದ್ದು ಹೊಡೆಯುವವರು ಅದೇ ದಿನ ಈ ಗಿಡಗಳಿಗೂ ಹೊಡೆದರೆ ಬೇರೆ ಖರ್ಚಿಲ್ಲ. ನೆರಳು ತೆಳುಮಾಡದಿದ್ದರೆ ಮಾತ್ರ ಮದ್ದು ಹೊಡೆದೂ ಫಲವಿಲ್ಲ, ಮತ್ತೆ ಬರುತ್ತದೆ.

8. ಕೊಯ್ಲು ಮತ್ತು ಒಣಗಿಸುವುದು

ಕಾಯಿ ಮಾಗುವುದು ಜೂನ್‌ನಿಂದ ಆಗಸ್ಟ್, ಮಳೆಯ ನಡುಮಧ್ಯೆ. ಮಾಗಿದ ಹಣ್ಣು ತಾನೇ ಉದುರುತ್ತದೆ. ಮರದಡಿ ಗುಡಿಸಿ ಸ್ವಚ್ಛ ಮಾಡಿ ದಿನಕ್ಕೊಮ್ಮೆ ಆರಿಸಿ, ಇಲ್ಲವೇ ದೋಟಿಯಿಂದ ಹಳದಿಯಾದದ್ದನ್ನಷ್ಟೇ ಬೀಳಿಸಿ. 1990ರ ದಶಕದಲ್ಲಿ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಹೊರದೇಶಗಳಿಂದ ಬೇಡಿಕೆ ಬಂದಾಗ, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಪೈಪೋಟಿಯಲ್ಲಿ ಕಾಡಿನ ಮರಗಳ ಹಸಿಕಾಯಿ ಬಡಿದರು, ರೆಂಬೆಗಳನ್ನೇ ಕಡಿದರು. ನಿಮ್ಮ ಮರಕ್ಕೆ ಆ ಅವಸರ ಬೇಕಿಲ್ಲ. ಹಸಿಕಾಯಿಯ ಸಿಪ್ಪೆ ತೆಳು, ಒಣಗಿದರೆ ತೂಕವೂ ಬಾರದು, ಬೀಜವೂ ದಂಡ. ಕಾಡಿನಲ್ಲಿ ಸಿಂಗಳೀಕಗಳು ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು, ಬೆಟ್ಟದಂಚಿನ ಮರದಲ್ಲಿ ಮೇಲುತುದಿಯ ಹಣ್ಣನ್ನು ಅವಕ್ಕೇ ಬಿಡಿ. ಬೆಲೆ ಏರಿಳಿಯುವ ಸರಕಿದು, ಹೋದ ವರ್ಷದ ದರ ನೋಡಿ ಎಕರೆಗಟ್ಟಲೆ ನೆಡಲು ಹೋಗಬೇಡಿ.

ಆರಿಸಿದ ದಿನವೇ ಹಣ್ಣನ್ನು ಎರಡು ಹೋಳು ಮಾಡಿ ಬೀಜ ತೆಗೆದು ಸಿಪ್ಪೆಯನ್ನು ಹರಡಿ. ರಾಶಿ ಹಾಕಿದರೆ ಒಂದೇ ರಾತ್ರಿಗೆ ಬಿಸಿಯೇರಿ ಲೋಳೆಯಾಗುತ್ತದೆ. ಬಿಸಿಲು ಸಿಕ್ಕಷ್ಟು ಒಣಗಿಸಿ. ಮಳೆಗಾಲದಲ್ಲಿ ಬೆಂಕಿ ಅನಿವಾರ್ಯ, ಆದರೆ ಬೆಂಕಿಗೆ ಕಾಡಿನ ಕಟ್ಟಿಗೆ ಸುರಿದರೆ ಒಂದು ಮರದ ಫಸಲಿಗೆ ಇನ್ನೊಂದು ಮರ ಬಲಿ. ಆ ಸಮಯದಲ್ಲಿ ಖಾಲಿ ಇರುವ ಅಡಿಕೆ ಡ್ರೈಯರ್ ಬಳಸಿ, ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು, ಸೋಗೆಯ ಹೆಡೆ ಉರಿಸಿ. ಬಿಸಿ 70ರಿಂದ 80 ಡಿಗ್ರಿ ಇರಲಿ, ಅದಕ್ಕೆ ಮೀರಿದರೆ ಹೊರಗೆ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತದೆ. ನಾಲ್ಕಾರು ಗಂಟೆಗೊಮ್ಮೆ ತಿರುವಿ ಹಾಕಿ. ಕಪ್ಪಾಗಿ, ಬಗ್ಗಿಸಿದರೆ ಚರ್ಮದಂತೆ ಬಾಗಿ, ಮುರಿದ ಕಡೆ ತೇವ ಕಾಣದಿದ್ದರೆ ಆಯಿತು. ಕೊಳ್ಳುವವರಿಗೆ ಹೊಗೆಯ ವಾಸನೆ ಬೇಕೋ ಬೇಡವೋ ಎಂದು ಮೊದಲೇ ಕೇಳಿಕೊಳ್ಳಿ. ಅಡುಗೆಗಾದರೆ ಹೊಗೆ ಕುಡಿದದ್ದೇ ಮೆಚ್ಚುಗೆ.

ಮನೆಬಳಕೆಗೆ ಇಡುವ ಸಿಪ್ಪೆಗೆ ಕಿಲೊಗೆ 150 ಗ್ರಾಂ ಉಪ್ಪು, 50 ಮಿಲಿಲೀಟರ್ ಕೊಬ್ಬರಿ ಎಣ್ಣೆ ಸೇರಿಸಿ ಕೈಯಲ್ಲಿ ಚೆನ್ನಾಗಿ ತಿಕ್ಕಿ ಜಾಡಿಗೆ ತುಂಬಿ. ಮೆತ್ತಗೆ ಉಳಿಯುತ್ತದೆ, ಬೂಸಲು ಬರುವುದಿಲ್ಲ. ಮಾರುವ ಸಿಪ್ಪೆಗೆ ಉಪ್ಪು ಎಣ್ಣೆ ಹಾಕಬೇಡಿ. ಹುಳಿಯಿಂದ ಕಬ್ಬಿಣ, ಅಲ್ಯೂಮಿನಿಯಂ ಎರಡೂ ತಿಂದುಹೋಗುತ್ತವೆ, ಆದ್ದರಿಂದ ಡಬ್ಬಿ ಪಿಂಗಾಣಿಯದ್ದೋ ಪ್ಲಾಸ್ಟಿಕ್ಕಿನದ್ದೋ ಆಗಿರಲಿ.

ಬೀಜವನ್ನು ಎಸೆಯಬೇಡಿ. ನರ್ಸರಿಗೆ ಬೇಕಾದಷ್ಟನ್ನು ಅಂದೇ ತೊಳೆದು ಬಿತ್ತಿ, ಉಳಿದದ್ದನ್ನು ಒಣಗಿಸಿಡಿ. ಬಿಡುವಾದಾಗ ಸಿಪ್ಪೆ ಬಿಡಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಬಳಿದು ಇನ್ನೊಮ್ಮೆ ಕಾಯಿಸಿ ನೀರಿನಂಶ ಪೂರ್ತಿ ಹೋಗಿಸಿ, ಸದ್ದು ನಿಂತ ಮೇಲೆ ಸೋಸಿ. ತಣ್ಣಗಾಗಿ ಹೆಪ್ಪುಗಟ್ಟಿದ್ದೇ ಉಪ್ಪಾಗೆ ತುಪ್ಪ, ಶಿರಸಿ–ಸಿದ್ದಾಪುರದ ಕಡೆಯ ಮನೆಗಳಲ್ಲಿ ದೋಸೆಗೆ ಹಾಕುವುದು ಇದನ್ನೇ.